ಲೆನ್ನಿಯ ಮೇಲೆ ನನಗೆ ಕರುಣೆ ಹುಟ್ಟಲಿಲ್ಲ, ಸಿಟ್ಟು ಬಂತು: ಹೀಗೆ ಓದಿದ್ದು ತಪ್ಪೇ?

ಪ್ರಶ್ನೆ: ಸರಸ್ವತಿಪುರಂ ಟೀಚರಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದ ನಾನು ಇಂಗ್ಲಿಷ್ ಕಾದಂಬರಿಗಳನ್ನು ಓದಿದ್ದು ಕಡಿಮೆ. ಬಿ.ಎ. ಓದುತ್ತಿರುವ ನನ್ನ ಅಕ್ಕನ ಮೊಮ್ಮಗಳು ರಜೆಗೆ ಬಂದಾಗ ಬಿಟ್ಟುಹೋದ ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಆ್ಯಂಡ್ ಮೆನ್’ ಎಂಬ ಪುಸ್ತಕವನ್ನು, ಆರೇ ಅಧ್ಯಾಯವಲ್ಲವೇ ಎಂಬ ಧೈರ್ಯದ ಮೇಲೆ ಕೈಗೆತ್ತಿಕೊಂಡೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ ಮುಗಿಸಿ, ಬೆಂಚಿನ ಮೇಲೆ ಕುಳಿತು ದಿನಕ್ಕೆರಡು ಅಧ್ಯಾಯದಂತೆ ಓದಿದೆ. ಐದನೆಯ ಅಧ್ಯಾಯ ಮುಗಿಯುವ ಹೊತ್ತಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಉಳಿದ ಒಂದೇ ಒಂದು ಅಧ್ಯಾಯವನ್ನು ಮೂರು ದಿನ ಮುಟ್ಟಲಿಲ್ಲ.

ಓದದೆ ಇರುವವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1937ರಲ್ಲಿ ಪ್ರಕಟವಾದ ಈ ಕಾದಂಬರಿ ಕ್ಯಾಲಿಫೋರ್ನಿಯಾದ ಸೊಲೆಡಾಡ್ ಎಂಬ ಊರಿನ ಬಳಿಯ ದೊಡ್ಡ ಜಮೀನೊಂದರಲ್ಲಿ ನಡೆಯುತ್ತದೆ. ಜಾರ್ಜ್ ಮತ್ತು ಲೆನ್ನಿ ಊರೂರು ಅಲೆದು ಕೂಲಿ ಮಾಡುವ ಇಬ್ಬರು ಗೆಳೆಯರು. ಜಾರ್ಜ್ ಚಿಕ್ಕ ಮೈಕಟ್ಟಿನ ಚುರುಕು ಮನುಷ್ಯ. ಲೆನ್ನಿ ದೈತ್ಯದೇಹಿ, ಬುದ್ಧಿ ಮಾತ್ರ ಮಗುವಿನದು. ಮೆತ್ತಗಿರುವುದನ್ನೆಲ್ಲ ಸವರಬೇಕೆಂಬುದು ಅವನ ಆಸೆ. ಮುಂದೊಂದು ದಿನ ತುಂಡು ಭೂಮಿ ಕೊಂಡು, ಅಲ್ಲಿ ತಾನು ಮೊಲಗಳನ್ನು ಸಾಕುವ ಕಥೆಯನ್ನು ಜಾರ್ಜ್‌ನ ಬಾಯಿಂದ ಮತ್ತೆ ಮತ್ತೆ ಕೇಳುವುದೇ ಅವನ ಸುಖ. ಅವನು ಸವರಿದ ಇಲಿಗಳು ಸಾಯುತ್ತವೆ. ಆಮೇಲೆ ನಾಯಿಮರಿ ಸಾಯುತ್ತದೆ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಹುಲ್ಲು ತುಂಬಿದ ಕೊಟ್ಟಿಗೆಯಲ್ಲಿ ಯಜಮಾನನ ಮಗ ಕರ್ಲಿಯ ಹೆಂಡತಿ ತನ್ನ ಕೂದಲು ಎಷ್ಟು ನಯವಾಗಿದೆ ಮುಟ್ಟಿ ನೋಡು ಎನ್ನುತ್ತಾಳೆ. ಅವನು ಸವರುತ್ತಾನೆ, ಸವರುವುದು ಜೋರಾಗುತ್ತದೆ, ಅವಳು ಬಿಡು ಎನ್ನುತ್ತಾಳೆ, ಅವನು ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ, ಅವಳು ಕಿರುಚುತ್ತಾಳೆ. ಜಾರ್ಜ್ ಬೈಯುತ್ತಾನೆಂಬ ಹೆದರಿಕೆಯಲ್ಲಿ ಅವಳ ಬಾಯಿ ಮೂಗು ಮುಚ್ಚಿ ಅಲುಗಾಡಿಸುವಾಗ ಅವಳ ಕತ್ತು ಮುರಿಯುತ್ತದೆ.

ಇಲ್ಲಿ ಲೆನ್ನಿಗಾಗಿ ಮರುಗಬೇಕೆಂದು ಮೊಮ್ಮಗಳ ನೋಟ್ಸ್ ಹೇಳುತ್ತದೆ, ಪುಸ್ತಕದ ಬೆನ್ನುಡಿಯೂ ಹೇಳುತ್ತದೆ. ನನಗೆ ಮರುಕ ಬರಲಿಲ್ಲ. ಅದಕ್ಕೆ ಕಾರಣ ಕೊಲೆಗಿಂತ ಅದರ ಹಿಂದುಮುಂದಿನ ಎರಡು ಸಣ್ಣ ಸಂಗತಿಗಳು. ಮೊದಲನೆಯದು, ಸತ್ತ ನಾಯಿಮರಿಯನ್ನು ಅವನು ಸಿಟ್ಟಿನಿಂದ ದೂರಕ್ಕೆ ಎಸೆಯುತ್ತಾನೆ. ನೀನೇನು ಇಲಿಯಷ್ಟು ಚಿಕ್ಕದಲ್ಲವಲ್ಲ, ಯಾಕೆ ಸತ್ತೆ ಎಂದು ಸತ್ತ ಮರಿಯನ್ನೇ ಬೈಯುತ್ತಾನೆ. ಎರಡನೆಯದು, ಅವಳು ಸತ್ತ ಮೇಲೆ ಅವಳ ಮೇಲಿಷ್ಟು ಹುಲ್ಲು ಎಳೆದು, ಇದ್ದದ್ದೇ ಸಾಕು, ಇದೂ ಬೇರೆ ಬೇಡ ಎಂಬಂತೆ ನಾಯಿಮರಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಓಡಿಹೋಗುತ್ತಾನೆ. ಅವನ ತಕ್ಕಡಿಯಲ್ಲಿ ಎರಡೂ ಸಾವು ಒಂದೇ ತೂಕ. ಎರಡಕ್ಕೂ ಅವನಿಗಿರುವ ದುಃಖ ಒಂದೇ, ಜಾರ್ಜ್ ಇನ್ನು ಮೊಲ ಸಾಕಲು ಬಿಡುವುದಿಲ್ಲವಲ್ಲ ಎಂಬುದು.

ಲೆನ್ನಿ ‘ಮುಗ್ಧ’ ಎಂದು ನೋಟ್ಸಿನಲ್ಲಿ ಏಳೆಂಟು ಕಡೆ ಬರೆದಿದೆ. ಇದು ನನ್ನ ಕಸುಬಿನ ಚಟವೆಂದು ಕ್ಷಮಿಸಿ: ಮುಗ್ಧ, ಮೂಢ, ಮೋಹ, ಈ ಮೂರೂ ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಮುಗ್ಧ ಮತ್ತು ಮೂಢ ಎಂಬವಂತೂ ಒಂದೇ ಕೃದಂತದ ಎರಡು ರೂಪಗಳು. ದಾರಿ ಕಾಣದೆ ಮಂಕಾದವನು ಎಂಬುದೇ ಎರಡರ ಮೂಲಾರ್ಥ. ನಾವು ಒಂದನ್ನು ಮುದ್ದಿಗೂ ಇನ್ನೊಂದನ್ನು ಬೈಗುಳಕ್ಕೂ ಇಟ್ಟುಕೊಂಡಿದ್ದೇವೆ. ಹಾಗಿರುವಾಗ ಲೆನ್ನಿಯನ್ನು ಮುಗ್ಧ ಎಂದ ಕೂಡಲೇ ಅವನ ಕೈಯಿಂದಾದ ಸಾವಿನ ಭಾರ ಹೇಗೆ ಇಳಿಯುತ್ತದೆ ಎಂಬುದು ನನಗೆ ತಿಳಿಯದು. ಸತ್ತವಳಿಗೆ ಕಾದಂಬರಿಕಾರ ಹೆಸರನ್ನೂ ಇಟ್ಟಿಲ್ಲ, ಮೊದಲಿನಿಂದ ಕೊನೆಯವರೆಗೆ ಅವಳು ‘ಕರ್ಲಿಯ ಹೆಂಡತಿ’ ಮಾತ್ರ. ಕೊಂದವನಿಗೆ ಇಡೀ ಪುಸ್ತಕದ ಕಣ್ಣೀರು, ಸತ್ತವಳಿಗೆ ಒಂದು ಹಿಡಿ ಹುಲ್ಲು. ನನ್ನ ಸಿಟ್ಟು ನನ್ನ ಓದಿನ ದೋಷವೋ, ಅದಕ್ಕೆ ಪುಸ್ತಕದಲ್ಲೇ ಆಧಾರವಿದೆಯೋ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿ, ಮೈಸೂರು

ಟೀಚರ್, ನಿಮ್ಮ ಸಿಟ್ಟಿಗೆ ಪುಸ್ತಕದೊಳಗೆ ಮಾತ್ರವಲ್ಲ, ಹೊರಗೂ ಆಧಾರವಿದೆ. ಲೆನ್ನಿಯಂಥ ಒಬ್ಬ ಮನುಷ್ಯ ನಿಜವಾಗಿಯೂ ಇದ್ದನೆಂದೂ ತಾನು ಅವನ ಜೊತೆ ವಾರಗಟ್ಟಲೆ ಕೂಲಿ ಮಾಡಿದ್ದೆನೆಂದೂ ಸ್ಟೈನ್‌ಬೆಕ್ 1937ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು. ಆದರೆ ಆ ಮನುಷ್ಯ ಕೊಂದದ್ದು ಹೆಂಗಸನ್ನಲ್ಲ. ತನ್ನ ಗೆಳೆಯನನ್ನು ಕೆಲಸದಿಂದ ತೆಗೆದುಹಾಕಿದ ಸಿಟ್ಟಿಗೆ ಮೇಲ್ವಿಚಾರಕನ ಹೊಟ್ಟೆಗೆ ಹುಲ್ಲು ಎತ್ತುವ ಕವಲುಗೋಲನ್ನು ಚುಚ್ಚಿದ್ದ. ಸಂದರ್ಶನದ ಹೊತ್ತಿಗೆ ಅವನು ಕ್ಯಾಲಿಫೋರ್ನಿಯಾದ ಮಾನಸಿಕ ಆಸ್ಪತ್ರೆಯೊಂದರಲ್ಲಿದ್ದ.

ಈ ಬದಲಾವಣೆಯನ್ನು ಗಮನಿಸಿ. ನಿಜವಾದವನು ಅಧಿಕಾರವುಳ್ಳ ಗಂಡಸನ್ನು, ಕಾರಣವಿದ್ದು, ಸಿಟ್ಟಿನಿಂದ ಕೊಂದ. ಕಾದಂಬರಿಯವನು ಅಧಿಕಾರವಿಲ್ಲದ ಹೆಂಗಸನ್ನು, ಕಾರಣವೇ ಇಲ್ಲದೆ, ಹೆದರಿಕೆಯಿಂದ ಕೊಲ್ಲುತ್ತಾನೆ. ಲೆನ್ನಿಯ ಮುಗ್ಧತೆ ಕಳೆಯದೆ ಉಳಿಯಬೇಕಾದರೆ ಅವನ ಕೈಗೆ ಸಿಕ್ಕುವುದು ಮೆತ್ತಗಿನ ವಸ್ತುವೇ ಆಗಬೇಕಿತ್ತು, ಇಲಿ, ಮರಿ, ಕೂದಲು ಎಂಬ ಸಾಲಿನಲ್ಲಿ ಅವಳೂ ಒಂದು ವಸ್ತುವಾಗಬೇಕಿತ್ತು. ಹೆಸರಿಲ್ಲದಿರುವುದು ಈ ಲೆಕ್ಕಾಚಾರದ ಭಾಗವೆಂದೇ ನನ್ನ ಅನಿಸಿಕೆ.

ಹಾಗೆಂದು ಲೇಖಕರು ಅವಳನ್ನು ಪೂರ್ತಿ ಕೈಬಿಟ್ಟಿದ್ದಾರೆ ಎನ್ನಲಾರೆ. ಸಾಯುವ ಮುನ್ನ ಅವಳು ಸಿನಿಮಾ ನಟಿಯಾಗುವ ತನ್ನ ಕನಸನ್ನೂ, ಬರಬೇಕಿದ್ದ ಕಾಗದವನ್ನು ತಾಯಿಯೇ ಬಚ್ಚಿಟ್ಟಳೆಂಬ ಅನುಮಾನವನ್ನೂ ಹೇಳಿಕೊಳ್ಳುತ್ತಾಳೆ. ಎದುರಿಗಿರುವ ಲೆನ್ನಿ ಅದನ್ನು ಕೇಳಿಸಿಕೊಳ್ಳದೆ ಮೊಲಗಳ ಬಗ್ಗೆ ಮಾತಾಡುತ್ತಾನೆ. ಇಬ್ಬರೂ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವ ಆ ಎರಡು ಪುಟ ನನಗೆ ಕೊಲೆಗಿಂತ ಹೆಚ್ಚು ಕಾಡಿವೆ. ಅವಳು ಸತ್ತ ಮೇಲೆ ಮುಖದ ಮೇಲಿದ್ದ ಅತೃಪ್ತಿ, ಕಸಿವಿಸಿ ಎಲ್ಲ ಅಳಿಸಿಹೋಗಿ ಅವಳು ಸರಳವಾಗಿ, ಚೆಲುವಾಗಿ ಕಾಣುತ್ತಾಳೆಂದು ಬರೆಯುತ್ತಾರೆ. ಬದುಕಿದ್ದಾಗ ಕೊಡದ ಮುಗ್ಧತೆಯನ್ನು ಹೆಣಕ್ಕೆ ಕೊಟ್ಟರು ಎಂದು ನಾನು ಇದರ ಬದಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಇದೇ ಕಥೆ ನಾಟಕವಾಗಿ ರಂಗಕ್ಕೆ ಬಂದಾಗ ಆ ಪಾತ್ರ ಮಾಡಿದ ನಟಿಗೆ 1938ರಲ್ಲಿ ಬರೆದ ಕಾಗದದಲ್ಲಿ ಅವಳ ಒಂಟಿತನವನ್ನು ಅವರು ಬಹಳ ಪ್ರೀತಿಯಿಂದ ವಿವರಿಸಿದ್ದಾರೆ. ಆ ಪ್ರೀತಿ ಕಾಗದದಲ್ಲಿರುವಷ್ಟು ಕಾದಂಬರಿಯಲ್ಲಿ ಇಲ್ಲ.

ವಿಷಯಕ್ಕೆ ಹತ್ತಿರದ್ದೇ ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಈ ಕಾದಂಬರಿಯ ಮೊದಲ ಹಸ್ತಪ್ರತಿಯ ಅರ್ಧದಷ್ಟನ್ನು 1936ರಲ್ಲಿ ಅವರು ಸಾಕಿದ್ದ ನಾಯಿಮರಿಯೇ ಹರಿದು ಚೂರು ಮಾಡಿತ್ತು. ಎರಡು ತಿಂಗಳ ದುಡಿಮೆ. ಬೇರೆ ಪ್ರತಿ ಇರಲಿಲ್ಲ. ಅವರು ಆ ಮರಿಗೆ ಒಂದು ಸಣ್ಣ ಪೆಟ್ಟು ಕೊಟ್ಟು ಸುಮ್ಮನಾದರಂತೆ.

ಉತ್ತರ 2: ಮದ್ದೂರಿನ ವಕೀಲ

ಮಾನ್ಯರೇ, ನಾನು ಸಾಹಿತ್ಯ ಓದಿದವನಲ್ಲ, ಆದರೂ ಈ ಪುಸ್ತಕವನ್ನು ಎರಡು ಸಲ ಓದಿದ್ದೇನೆ. ಟೀಚರಮ್ಮನವರು ಎತ್ತಿರುವ ಪ್ರಶ್ನೆ ನಮ್ಮ ಕಸುಬಿನಲ್ಲಿ ಬಹಳ ಹಳೆಯದು. ಭಾರತೀಯ ದಂಡ ಸಂಹಿತೆಯಲ್ಲಿ 84ನೆಯ ಕಲಂ ಆಗಿದ್ದದ್ದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 22ನೆಯ ಕಲಂ ಆಗಿದೆ. ಚಿತ್ತಸ್ವಾಸ್ಥ್ಯವಿಲ್ಲದ ಕಾರಣಕ್ಕೆ, ತಾನು ಮಾಡುತ್ತಿರುವ ಕೃತ್ಯ ಎಂಥದೆಂದು ತಿಳಿಯಲಾರದವನು ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ತಿಳಿಯಲಾರದವನು ಮಾಡಿದ ಕೃತ್ಯ ಅಪರಾಧವಲ್ಲ ಎಂಬುದು ಅದರ ಸಾರ. ಇಂಗ್ಲೆಂಡಿನಲ್ಲಿ 1843ರಲ್ಲಿ ರೂಪುಗೊಂಡ ಮೆಕ್‌ನಾಟನ್ ನಿಯಮಗಳ ನೆರಳು ಇದರ ಮೇಲಿದೆ.

ಇದನ್ನು ಲೆನ್ನಿಗೆ ಹಚ್ಚಿ ನೋಡಿದರೆ ಒಂದು ತೊಡಕು ಕಾಣುತ್ತದೆ. ಅವನಿಗೆ ತಾನು ಕೆಟ್ಟದ್ದು ಮಾಡಿದೆನೆಂದು ಗೊತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಾನೆ, ಹೆಣ ಮರೆಮಾಡಲು ನೋಡುತ್ತಾನೆ, ನಾಯಿಮರಿಯನ್ನು ಬಚ್ಚಿಡುತ್ತಾನೆ, ತೊಂದರೆಯಾದರೆ ಬಂದು ಅಡಗಿಕೊ ಎಂದು ಜಾರ್ಜ್ ಮೊದಲೇ ಹೇಳಿಕೊಟ್ಟಿದ್ದ ಹೊಳೆಯಂಚಿನ ಪೊದೆಗೆ ದಾರಿ ತಪ್ಪದೆ ಹೋಗುತ್ತಾನೆ. ನಾನು ಸರ್ಕಾರದ ಪರವಾಗಿ ನಿಂತರೆ ಬಚ್ಚಿಟ್ಟದ್ದನ್ನೂ ಓಡಿದ್ದನ್ನೂ ಹಿಡಿದುಕೊಂಡೇ ಇವನಿಗೆ ತಿಳಿವಳಿಕೆ ಇತ್ತೆಂದು ವಾದಿಸುತ್ತೇನೆ, ಆ ವಾದಕ್ಕೆ ಸಾಕಷ್ಟು ಬಲವೂ ಇರುತ್ತದೆ. ಆರೋಪಿಯ ಪರ ನಿಂತರೆ ಆರನೆಯ ಅಧ್ಯಾಯವನ್ನು ಮುಂದಿಡುತ್ತೇನೆ. ಅಲ್ಲಿ ಲೆನ್ನಿಯ ತಲೆಯೊಳಗಿಂದ ಅವನನ್ನು ಸಾಕಿದ್ದ ಕ್ಲಾರಾ ಅತ್ತೆಯೂ, ಆಮೇಲೆ ಒಂದು ದೊಡ್ಡ ಮೊಲವೂ ಹೊರಬಂದು ಅವನನ್ನು ಬೈಯುತ್ತವೆ. ಎರಡೂ ಮಾತಾಡುವುದು ಲೆನ್ನಿಯದೇ ದನಿಯಲ್ಲಿ. ಆ ಬೈಗುಳದಲ್ಲಿ ಹೆಂಗಸೊಬ್ಬಳು ಸತ್ತಳೆಂಬ ಮಾತೇ ಬರುವುದಿಲ್ಲ. ಜಾರ್ಜ್‌ಗೆ ತೊಂದರೆ ಕೊಟ್ಟೆ, ಮೊಲ ಸಾಕುವ ಯೋಗ್ಯತೆ ನಿನಗಿಲ್ಲ, ಅವನು ನಿನ್ನನ್ನು ಬಿಟ್ಟುಹೋಗುತ್ತಾನೆ, ಇಷ್ಟೇ. ಅಂದರೆ ಲೆನ್ನಿಗೆ ಗೊತ್ತಿರುವ ‘ತಪ್ಪು’ ಎಂಬುದು ಜಾರ್ಜ್‌ನ ಮುಖ ಗಂಟಿಕ್ಕುವುದು ಮಾತ್ರ. ಅದು ಕಾನೂನು ಕೇಳುವ ತಿಳಿವಳಿಕೆಯಲ್ಲ. ಟೀಚರಮ್ಮನವರಿಗೆ ಸಿಟ್ಟು ತಂದ ಎರಡು ಸಂಗತಿಗಳೇ ನನಗೆ ಆರೋಪಿಯ ಪರವಾದ ಒಳ್ಳೆಯ ಸಾಕ್ಷ್ಯ. ಎರಡು ಸಾವು ಒಂದೇ ತೂಕ ಎಂದು ಅವರು ಬರೆದಿದ್ದಾರಲ್ಲ, ಹಾಗೆ ತೂಗುವವನಿಗೆ ತಕ್ಕಡಿಯೇ ಇಲ್ಲವೆಂದು ನಾನು ನ್ಯಾಯಾಧೀಶರ ಮುಂದೆ ಹೇಳುತ್ತೇನೆ.

ಆದರೆ ಬಿಡುಗಡೆಯಾದ ಮಾತ್ರಕ್ಕೆ ಸತ್ತವಳ ಕಡೆಯವರಿಗೆ ಏನಾದರೂ ಸಿಕ್ಕಂತಾಯಿತೇ ಎಂದು ಕೇಳಿದರೆ, ಸಿಕ್ಕುವುದಿಲ್ಲ. ತಪ್ಪಿತಸ್ಥ ಹೌದೋ ಅಲ್ಲವೋ ಎನ್ನುವವರೆಗೆ ಮಾತ್ರ ನಮ್ಮ ಕಾನೂನು ಬರುತ್ತದೆ. ಸಿಟ್ಟು ಬರಬೇಕೋ ಬೇಡವೋ ಎಂಬುದು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ನಿಮ್ಮ ಸಿಟ್ಟನ್ನು ನೀವು ಇಟ್ಟುಕೊಳ್ಳಬಹುದು.

ಉತ್ತರ 3: ಕುವೆಂಪುನಗರದ ಒಬ್ಬ ತಾಯಿ

ಟೀಚರ್, ನಾನು ಇಲ್ಲಿ ಬರೆಯಬಾರದೆಂದುಕೊಂಡಿದ್ದೆ. ನನ್ನ ಮಗನಿಗೆ ಇಪ್ಪತ್ತೆರಡು ವರ್ಷ, ಆರಡಿಗೆ ಎರಡಂಗುಲ ಕಡಿಮೆ, ಅಕ್ಕಿಮೂಟೆಯನ್ನು ಒಂದೇ ತೋಳಿನಲ್ಲಿ ಎತ್ತುತ್ತಾನೆ, ಬುದ್ಧಿ ಐದಾರು ವರ್ಷದ ಹುಡುಗನದು. ಈ ಪುಸ್ತಕವನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ನನಗೆ ಓದಲು ಕೊಟ್ಟರು. ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ನನ್ನ ತಕರಾರು. ಲೆನ್ನಿ ಪುಸ್ತಕಕ್ಕೆ ಕಾಲಿಡುವುದೇ ಕರಡಿಯಂತೆ ಹೆಜ್ಜೆ ಎಳೆಯುತ್ತ, ನೀರು ಕುಡಿಯುವುದು ಕುದುರೆಯಂತೆ. ಕ್ಯಾಂಡಿ ಎಂಬ ಮುದುಕನ ನಾಯಿಗೆ ವಯಸ್ಸಾಯಿತೆಂದು ಕಾರ್ಲ್ಸನ್ ಎಂಬವನು ಯಾವ ಪಿಸ್ತೂಲಿನಿಂದ ಅದನ್ನು ಕೊಂದನೋ ಅದೇ ಪಿಸ್ತೂಲಿನಿಂದ, ಹಾಗೆಯೇ ತಲೆಯ ಹಿಂಭಾಗಕ್ಕೆ, ಜಾರ್ಜ್ ಕೊನೆಗೆ ಲೆನ್ನಿಗೆ ಗುಂಡು ಹಾರಿಸುತ್ತಾನೆ. ಅದನ್ನು ಪ್ರೀತಿಯ ಕೃತ್ಯವೆಂದು ಓದುವವರು ಬಹಳ ಮಂದಿ ಇದ್ದಾರೆ. ನನ್ನಿಂದ ಆಗುವುದಿಲ್ಲ. ಪಾರ್ಕಿನಲ್ಲಿ ನನ್ನ ಮಗ ಹತ್ತಿರ ಬಂದರೆ ತಾಯಂದಿರು ತಮ್ಮ ಮಕ್ಕಳನ್ನು ಎತ್ತಿಕೊಂಡು ಸರಿಯುತ್ತಾರೆ. ಅವನು ಇದುವರೆಗೆ ಯಾರಿಗೂ ಏನೂ ಮಾಡಿಲ್ಲ. ಇಂಥವರೆಂದರೆ ಒಂದು ದಿನ ಅನಾಹುತ ಮಾಡುವವರೇ ಎಂಬ ನಂಬಿಕೆ ಎಲ್ಲಿಂದಲೋ ಬರುತ್ತದಲ್ಲ, ಅದರಲ್ಲಿ ಇಂಥ ಕಥೆಗಳ ಪಾಲೂ ಇಷ್ಟಿದೆ.

ಆದರೂ ಒಂದು ವಿಷಯದಲ್ಲಿ ಈ ಲೇಖಕ ಕಣ್ಣಿಟ್ಟು ನೋಡಿದ್ದಾನೆಂದು ಒಪ್ಪಲೇಬೇಕು. ಲೆನ್ನಿಗೆ ಹಿಡಿಯುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಹಿಂದಿನ ಊರು ವೀಡ್‌ನಲ್ಲಿ ಹುಡುಗಿಯೊಬ್ಬಳ ಕೆಂಪು ಲಂಗವನ್ನು ಮುಟ್ಟಿದ, ಅವಳು ಕೂಗಿಕೊಂಡಳು, ಗಾಬರಿಯಲ್ಲಿ ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಬೇಲಿಯ ಗೂಟದಿಂದ ತಲೆಗೆ ಹೊಡೆದು ಜಾರ್ಜ್ ಅವನನ್ನು ಬಿಡಿಸಬೇಕಾಯಿತು. ಕರ್ಲಿ ಮೈಮೇಲೆ ಬಿದ್ದು ಹೊಡೆಯುವಾಗ ಲೆನ್ನಿ ಕೈ ಎತ್ತುವುದೇ ಇಲ್ಲ. ಹಿಡಿ ಅವನನ್ನು ಎಂದು ಜಾರ್ಜ್ ಕೂಗಿದ ಮೇಲಷ್ಟೇ ಮುಷ್ಟಿಯನ್ನು ಹಿಡಿಯುತ್ತಾನೆ. ಆಮೇಲೆ ಬಿಡು ಎಂದು ಅದೇ ಜಾರ್ಜ್ ಕೆನ್ನೆಗೆ ಬಾರಿಸಿದರೂ, ತಾನು ಹಿಡಿದವನನ್ನು ತಾನೇ ಹೆದರಿ ನೋಡುತ್ತ ನಿಂತುಬಿಡುತ್ತಾನೆ. ಕೊಟ್ಟಿಗೆಯಲ್ಲಿ ನಡೆದದ್ದೂ ಇದೇ. ಹೆದರಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಇದು ನನಗೆ ಮನೆಯಲ್ಲಿ ಪ್ರತಿದಿನ ಗೊತ್ತಿರುವ ಸಂಗತಿ.

ಮಗ ಹನ್ನೊಂದು ವರ್ಷದವನಿದ್ದಾಗ ಪಕ್ಕದ ಮನೆಯ ಕೂಸಿನ ಕೈಬೆರಳು ಹಿಡಿದು, ಅದು ಅತ್ತ ಕೂಡಲೇ ಇನ್ನೂ ಬಿಗಿ ಮಾಡಿದ. ಬೆರಳಿಗೇನೂ ಆಗಲಿಲ್ಲ, ನನ್ನ ಜೀವ ಹೋಗಿ ಬಂತು. ಮಾರನೆಯ ದಿನದಿಂದ ಮಾರುಕಟ್ಟೆಯಿಂದ ಮೈಸೂರು ಮಲ್ಲಿಗೆಯ ಬಿಡಿ ಮೊಗ್ಗು ತಂದು ಅವನ ಅಂಗೈಯಲ್ಲಿ ಹತ್ತು ಹತ್ತು ಇಟ್ಟು, ನಾನು ಒಂದರಿಂದ ಹತ್ತು ಎಣಿಸುವವರೆಗೆ ಕೈ ಮುಚ್ಚು, ಆಮೇಲೆ ತೆರೆ ಎಂದು ಹೇಳಿಕೊಟ್ಟೆ. ಒತ್ತಿದ ಮೊಗ್ಗು ಸ್ವಲ್ಪ ಹೊತ್ತಿಗೆಲ್ಲ ಕಂದಾಗುತ್ತದೆ, ಒತ್ತದ ಮೊಗ್ಗು ಸಂಜೆ ದೇವರ ಮುಂದೆ ಬಿಳಿಯಾಗಿ ಅರಳುತ್ತದೆ. ಕಂದಿದ್ದೆಷ್ಟು, ಅರಳಿದ್ದೆಷ್ಟು ಎಂದು ಅವನೇ ಎಣಿಸುತ್ತಿದ್ದ. ಮೊದಲ ವಾರ ಹತ್ತೂ ಕಂದುತ್ತಿದ್ದವು. ಹತ್ತೂ ಅರಳಲು ಒಂದೂವರೆ ವರ್ಷ ಹಿಡಿಯಿತು. ಈಗ ಯಾರಾದರೂ ಜೋರಾಗಿ ಕಿರುಚಿದರೆ ಅವನು ಎರಡೂ ಅಂಗೈ ಬಿಡಿಸಿ ಮುಂದೆ ಚಾಚುತ್ತಾನೆ. ನೋಡಿದವರಿಗೆ ಏನೋ ಬೇಡುತ್ತಿದ್ದಾನೆಂದು ಅನ್ನಿಸುತ್ತದೆ.

ಲೆನ್ನಿಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಮುಟ್ಟಬೇಡ ಎಂದರು, ಮಾತಾಡಬೇಡ ಎಂದರು, ಗೂಟದಲ್ಲಿ ಹೊಡೆದರು. ನಿಮ್ಮ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ ಟೀಚರ್, ಅವಳ ಜಾಗದಲ್ಲಿ ನನ್ನ ಮಗಳಿದ್ದಿದ್ದರೆ ನನಗೂ ಬರುತ್ತಿತ್ತು. ಮುಗ್ಧ ಎಂಬ ಪದದ ಮೇಲೆ ನನಗಿರುವ ಸಿಟ್ಟು ಮಾತ್ರ ಬೇರೆ. ಮುಗ್ಧ ಎಂದುಬಿಟ್ಟರೆ ಕಲಿಸುವ ಕೆಲಸದಿಂದ ಎಲ್ಲರಿಗೂ ಬಿಡುಗಡೆ ಸಿಕ್ಕಿಬಿಡುತ್ತದೆ.

ಉತ್ತರ 4: ಪಾಂಡವಪುರದ ಕಡೆಯವನು

ಮೇಲಿನ ಅಕ್ಕ ಬರೆದದ್ದನ್ನು ಓದಿದ ಮೇಲೆ ನನಗೆ ಹೇಳಲು ಉಳಿದಿರುವುದು ಸ್ವಲ್ಪವೇ. ಜಾರ್ಜ್ ತನ್ನ ಜೊತೆ ಅದೇ ಜಮೀನಿನಲ್ಲಿ ದುಡಿಯುವ ಸ್ಲಿಮ್ ಎಂಬವನ ಎದುರು ಒಪ್ಪಿಕೊಳ್ಳುವ ಒಂದು ಸಂಗತಿಯನ್ನು ಯಾರೂ ಎತ್ತಲಿಲ್ಲ. ಹಿಂದೊಮ್ಮೆ ಜೊತೆಯವರ ಮುಂದೆ ತಮಾಷೆಗೆಂದು ಹೊಳೆಗೆ ಹಾರು ಎಂದು ಲೆನ್ನಿಗೆ ಹೇಳಿದ. ಈಜು ಬಾರದ ಲೆನ್ನಿ ಹಾರಿಯೇಬಿಟ್ಟ, ಮುಳುಗಿಹೋಗುವುದರಲ್ಲಿದ್ದ. ಎಳೆದು ಹಾಕಿದ ಮೇಲೆ, ಹಾರಲು ಹೇಳಿದವನೂ ಇವನೇ ಎಂಬುದನ್ನು ಮರೆತು, ಕಾಪಾಡಿದ್ದಕ್ಕೆ ಉಪಕಾರ ಹೇಳಿದ.

ನಮ್ಮ ಮನೆಯ ಆಲೆಮನೆಯಲ್ಲಿ ಅಂಥ ಒಬ್ಬ ಆಳಿದ್ದ. ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದ, ಒಬ್ಬನ ಕೂಲಿ ಪಡೆಯುತ್ತಿದ್ದ. ನನಗೆ ಆಗ ಹದಿನೈದು ವರ್ಷ. ನಾನು ಹೇಳುವವರೆಗೂ ಒಲೆಗೆ ಸಿಪ್ಪೆ ತುಂಬುತ್ತಲೇ ಇರು, ನಿಲ್ಲಿಸಬೇಡ ಎಂದು ಅವನಿಗೆ ಹೇಳಿ, ಚೆಂಡಾಟಕ್ಕೆ ಹೋಗಿ ಮರೆತುಬಿಟ್ಟೆ. ಪಾಕ ನೋಡಬೇಕಾದವರು ಊಟಕ್ಕೆ ಹೋಗಿದ್ದರು. ಬಂದು ನೋಡಿದರೆ ಕೊಪ್ಪರಿಗೆಯ ಬೆಲ್ಲವೆಲ್ಲ ಸೀದು ಕಪ್ಪಾಗಿದೆ, ಅವನು ಬೆವರು ಸುರಿಸುತ್ತ ಇನ್ನೂ ಸಿಪ್ಪೆ ತಳ್ಳುತ್ತಲೇ ಇದ್ದಾನೆ. ಹೊಡೆತ ಬಿದ್ದದ್ದು ಅವನಿಗೆ. ಯಾರು ಹೇಳಿದರೆಂದು ಕೇಳಿದಾಗ ಅವನು ನನ್ನ ಮುಖ ನೋಡಿದ, ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಇದಾಗಿ ನಲವತ್ತು ವರ್ಷವಾಯಿತು, ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಲೆನ್ನಿಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಂತೂ ಇಲ್ಲ.

ಪ್ರಶ್ನೆ ಕೇಳಿದವರಿಂದ: ಸರಸ್ವತಿಪುರಂ ಟೀಚರಮ್ಮ

ಎಲ್ಲರಿಗೂ ಕೃತಜ್ಞಳು. ಕುವೆಂಪುನಗರದ ತಾಯಿ, ನಿಮ್ಮ ಮಾತು ಓದಿದ ಮೇಲೆ ಐದನೆಯ ಅಧ್ಯಾಯವನ್ನು ಮತ್ತೊಮ್ಮೆ, ಈ ಸಲ ಲೆನ್ನಿಯ ಕೈಗಳನ್ನೇ ನೋಡುತ್ತ ಓದಿದೆ. ನನ್ನ ಸಿಟ್ಟು ಹೋಗಿಲ್ಲ, ಜಾಗ ಬದಲಿಸಿದೆ. ಕರ್ಲಿಯ ಕೈ ನಜ್ಜುಗುಜ್ಜಾದಾಗ ಕೆಲಸಗಾರರಾರೂ ಲೆನ್ನಿಯನ್ನು ದೂರಲಿಲ್ಲ, ಒಳಗೊಳಗೇ ಖುಷಿಪಟ್ಟರು. ಯಂತ್ರಕ್ಕೆ ಸಿಕ್ಕಿತೆಂದು ಹೇಳಬೇಕೆಂದು ಕರ್ಲಿಗೇ ಸ್ಲಿಮ್ ಹೇಳಿಕೊಟ್ಟ. ಮೊದಲ ಓದಿನಲ್ಲಿ ನಾನೂ ಅಲ್ಲಿ ಖುಷಿಪಟ್ಟಿದ್ದೆ, ಆ ಪುಂಡನಿಗೆ ಸರಿಯಾಯಿತೆಂದು ಕೆರೆಯ ಏರಿಯ ಮೇಲೆ ಒಬ್ಬಳೇ ನಕ್ಕಿದ್ದೆ. ಕೊಟ್ಟಿಗೆಯಲ್ಲಿ ಅವಳ ಕತ್ತು ಮುರಿದದ್ದೂ ಅದೇ ಕೈ, ಅದೇ ಹಿಡಿತ. ಮೊದಲ ಸಲ ಅದು ನನಗೆ ಬೇಕಾದವನ ಮೇಲೆ ಬಿದ್ದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸತ್ತವಳ ವಿಷಯದಲ್ಲಿ ಮಾತ್ರ ನಾನು ಒಂದಿಂಚೂ ಸರಿಯುವುದಿಲ್ಲ. ಮೊಮ್ಮಗಳ ಪುಸ್ತಕದಲ್ಲಿ ‘ಕರ್ಲಿಯ ಹೆಂಡತಿ’ ಎಂದು ಬರುವ ಕಡೆಯಲ್ಲೆಲ್ಲ ಒಂದು ಹೆಸರು ಬರೆಯೋಣವೆಂದು ಪೆನ್ಸಿಲ್ ಹಿಡಿದು ಕುಳಿತೆ. ಯಾವ ಹೆಸರೂ ಹೊಂದಲಿಲ್ಲ. ಅಂಚಿನಲ್ಲಿ ಖಾಲಿ ಗೆರೆಗಳನ್ನಷ್ಟೇ ಎಳೆದಿಟ್ಟಿದ್ದೇನೆ. ದಸರಾ ರಜೆಗೆ ಅವಳು ಬಂದಾಗ ಇದೇನಜ್ಜಿ ಎಂದು ಕೇಳುತ್ತಾಳೆ.